ಬ್ರೆಜಿಲ್ ಗಿಡದ ಪಿಳ್ಳಣ್ಣ

ಪಿಳ್ಳಣ್ಣ ಕೂತದ್ದನ್ನು ಕಂಡವರು ತೂಬಗೆರೆಯಲ್ಲಿ ಕಡಿಮೆ. ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಇಣುಕಿ ಬರುವ ಆಸಾಮಿ. ಮುದ್ದೆ ತಣ್ಣಗಾಗುತ್ತದೆ, ಸಾರು ತಣ್ಣಗಾಗುತ್ತದೆ, ಹೆಂಡತಿ ಮುನಿಗಂಗಮ್ಮ ಮಾತ್ರ ಬಿಸಿಯಾಗುತ್ತಾಳೆ.

"ಗಿಡ ಎದ್ದು ಓಡೋಗಲ್ಲ, ಕೂತ್ಕೊಂಡು ಉಣ್ರೀ."

ಅವನು ಕೂರುತ್ತಾನೆ. ಮತ್ತೆ ಎರಡು ತುತ್ತು, ಮತ್ತೆ ಏಳುತ್ತಾನೆ. ಅರವತ್ತೆರಡು ದಾಟಿದ ಮನುಷ್ಯನಿಗೆ ಇದನ್ನೆಲ್ಲ ಹೇಳಿ ಬಿಡಿಸಲು ಆಗುತ್ತದೆಯೇ?

ಮೂವತ್ತೊಂದು ವರ್ಷ ಅವನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮಾಲಿಯಾಗಿದ್ದ. ಬೆಳಗಿನ ಮೊದಲ ಬಸ್ಸಿಗೆ ದೊಡ್ಡಬಳ್ಳಾಪುರ, ಅಲ್ಲಿಂದ ರೈಲು, ರೈಲಿನಿಂದ ಇಳಿದು ಮತ್ತೆ ನಡಿಗೆ. ಕಾಲೇಜಿನ ಔಷಧಿ ಗಿಡಗಳ ತೋಟ ಪೂರ್ತಿ ಅವನ ಕೈಯಲ್ಲಿತ್ತು. ನಿವೃತ್ತಿಯ ದಿನ ಎಲ್ಲರಿಗೂ ಕೊಡುವಂತೆ ಅವನಿಗೂ ಗೋಡೆ ಗಡಿಯಾರ ಕೊಡಲು ಹೊರಟಾಗ ಪಿಳ್ಳಣ್ಣ ಸಂಕೋಚ ಬಿಟ್ಟು, "ಗಡಿಯಾರ ಬ್ಯಾಡ ಸಾರ್, ಶುಗರ್ ನೋಡೋ ಮಿಷನ್ ಕೊಡ್ಸಿ, ಮನೇಲಿ ಹೆಂಡ್ತಿಗೆ ಐತೆ" ಎಂದುಬಿಟ್ಟ. ಕೊಟ್ಟರು. ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಪಟ್ಟಿಗೆ ಮುಟ್ಟಿಸಿದರೆ ಅಂಕಿ ತೋರಿಸುವ ಆ ಪುಟ್ಟ ಯಂತ್ರವನ್ನು ಅವನು ದೇವರ ಗೂಡಿನಲ್ಲಿ, ಊದುಬತ್ತಿ ಪೊಟ್ಟಣದ ಪಕ್ಕದಲ್ಲಿ ಇಟ್ಟಿದ್ದ.

ಗಿಡ ಬಂದದ್ದು ಅದಕ್ಕೂ ಮೊದಲು. ಕಾಲೇಜಿನ ತೋಟದಲ್ಲಿ ಅದಕ್ಕೊಂದು ಫಲಕವಿತ್ತು: ಮೇಲೆ ಇಂಗ್ಲಿಷಿನ ಉದ್ದನೆಯ ಹೆಸರು, ಕೆಳಗೆ "ತವರು: ಬ್ರೆಜಿಲ್". ತೋಟಕ್ಕೆ ಹುಡುಗರನ್ನು ಕರೆತರುತ್ತಿದ್ದ ಮೇಡಂ ಹೇಳುತ್ತಿದ್ದುದನ್ನು ಪಿಳ್ಳಣ್ಣ ಕಳೆ ಕೀಳುತ್ತಲೇ ಬಾಯಿಪಾಠ ಮಾಡಿಕೊಂಡಿದ್ದ. ಇದು ದಕ್ಷಿಣ ಅಮೆರಿಕದ ಗಿಡ. ಇದರ ಬಳಗದ ಗಿಡಗಳನ್ನು ಅಲ್ಲಿನ ಜನ ತಲೆಮಾರುಗಳಿಂದ ಕಷಾಯ ಮಾಡಿ ಮೂತ್ರದ ತೊಂದರೆಗೆ ಕುಡಿಯುತ್ತಾರೆ. ಇಲ್ಲಿಗೆ ಬಂದದ್ದು ಅಂದದ ಗಿಡವಾಗಿ. ಇಲ್ಲಿಯವರು ಇನ್ಸುಲಿನ್ ಗಿಡ ಎಂದು ಹೆಸರಿಟ್ಟರು. ಇದರೊಳಗೆ ಇನ್ಸುಲಿನ್ ಇಲ್ಲ. ಈ ಕೊನೆಯ ಮಾತನ್ನು ಪಿಳ್ಳಣ್ಣ ಯಾಕೋ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಶುಂಠಿಯಂತೆ ಗೆಡ್ಡೆ, ಕಬ್ಬಿನಂತೆ ಗಿಣ್ಣುಗಿಣ್ಣಾದ ಕಾಂಡ, ಅದನ್ನು ಸುತ್ತಿಕೊಂಡು ಮೆಟ್ಟಿಲಿನಂತೆ ಮೇಲೇರುವ ಎಲೆಗಳು, ತುದಿಯಲ್ಲಿ ಕಿತ್ತಳೆ ಬಣ್ಣದ ತೆಳ್ಳನೆಯ ಹೂವು. ಎಲೆ ಅಗಿದರೆ ಹುಳಿ. ಒಂದು ಸಂಜೆ ಅದರ ಗೆಡ್ಡೆಯ ಚೂರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತಂದ. ಕೇಳಿದ್ದರೆ ಮೇಡಂ ಒಂದಲ್ಲ ಹತ್ತು ಕೊಡುತ್ತಿದ್ದರು. ಆದರೆ ಕೇಳಿ ತಂದ ಗಿಡ ಹಿಡಿಯುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಎಂಬುದು ನಮ್ಮ ಕಡೆಯ ನಂಬಿಕೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವನು ಮಾಡಿದ ಕಳ್ಳತನ ಅದೊಂದೇ, ಅದೂ ಶಾಸ್ತ್ರಕ್ಕೆ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟ. ಬಚ್ಚಲ ನೀರು ಕುಡಿದು ಗಿಡ ಹಿತ್ತಲು ತುಂಬಿತು. ಮೊದಲು ಮುನಿಗಂಗಮ್ಮ ತಿಂದಳು, ಆಮೇಲೆ ಪಕ್ಕದ ಮನೆಯ ಚಿನ್ನಸ್ವಾಮಿ, ಆಮೇಲೆ ಸುತ್ತಲಿನ ಹಳ್ಳಿಗಳಿಂದ ಒಬ್ಬೊಬ್ಬರಾಗಿ ಬರತೊಡಗಿದರು. ಹೊತ್ತು ಹುಟ್ಟುವ ಮುಂಚೆಯೇ ಗೇಟಿನ ಹತ್ತಿರ ಎಂಟು ಹತ್ತು ಜನ.

ಪಿಳ್ಳಣ್ಣನ ಅಜ್ಜ ಒಂದು ಕಾಲಕ್ಕೆ ಕಾಮಾಲೆಗೆ ಮದ್ದು ಕೊಡುತ್ತಿದ್ದವನು. ಅಜ್ಜನ ನೇಮಗಳನ್ನೇ ಮೊಮ್ಮಗ ಬ್ರೆಜಿಲ್ ಗಿಡಕ್ಕೂ ಹಾಕಿದ. ಕಾಯಿಲೆಯವರೇ ಬರಬೇಕು, ಇನ್ನೊಬ್ಬರ ಕೈಲಿ ಕೊಟ್ಟು ಕಳಿಸುವಂತಿಲ್ಲ. ಬರಿಹೊಟ್ಟೆಯಲ್ಲಿ ಬರಬೇಕು. ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟು ಬರಿಗಾಲಲ್ಲಿ ಗಿಡದ ಹತ್ತಿರ ಹೋಗಬೇಕು. ಕಾಸು ಕೊಡಬಾರದು. ಎಲ್ಲಕ್ಕಿಂತ ಮುಖ್ಯ, ಎಲೆ ಅಗಿದು ಹೊರಡುವಾಗ "ಬರ್ತೀನಿ" ಅನ್ನಬಾರದು. ಅಂದರೆ ಆ ಮಾತನ್ನು ಕಾಯಿಲೆ ಹಿಡಿದುಕೊಂಡು ತಾನೇ ವಾಪಸು ಬರುತ್ತದೆ. ಸುಮ್ಮನೆ, ಹಿಂದೆ ತಿರುಗದೆ ಹೋಗಬೇಕು.

ಲಕ್ಷ್ಮಯ್ಯ ಅಂತ ಒಬ್ಬನಿದ್ದ. ಮೂರು ಕಿಲೋಮೀಟರ್ ಆಚೆಯ ಹಳ್ಳಿಯವನು, ತೋಟದಲ್ಲಿ ಹದಿನಾರು ಹಲಸಿನ ಮರ, ಮೈಯಲ್ಲಿ ಮುನ್ನೂರು ಶುಗರು. ತೂಬಗೆರೆ ಹಲಸು ಅಂದರೆ ಸುಮ್ಮನೆಯೇ? ಅದನ್ನು ಬಿಟ್ಟು ಬದುಕುವುದಾದರೆ ಯಾಕೆ ಬದುಕಬೇಕು ಎನ್ನುವ ಜಾತಿಯ ಮನುಷ್ಯ. ಮೊದಲ ದಿನವೇ ಅವನು ಅಭ್ಯಾಸಬಲದಿಂದ, "ಸರಿ ಪಿಳ್ಳಣ್ಣ, ಬರ್ತೀನಪ್ಪಾ" ಎಂದುಬಿಟ್ಟ. ಪಿಳ್ಳಣ್ಣ ಅವನ ಹಿಂದೆಯೇ ರಸ್ತೆವರೆಗೆ ಓಡಿ, ಕೈ ಹಿಡಿದು ಎಳೆದು ತಂದು, ಗಿಡದ ಮುಂದೆ ನಿಲ್ಲಿಸಿ, ಇನ್ನೊಂದು ಎಲೆ ಬಾಯಿಗೆ ತುರುಕಿ, ಮೂಕನಂತೆ ವಾಪಸು ಕಳಿಸಿದ್ದ.

ಆರು ತಿಂಗಳಲ್ಲಿ ಅದೇ ಲಕ್ಷ್ಮಯ್ಯನ ಶುಗರ್ ನೂರ ಅರವತ್ತಕ್ಕೆ ಇಳಿಯಿತು. ಪಿಳ್ಳಣ್ಣನ ಹೆಸರು ಬ್ರೆಜಿಲ್ ಗಿಡದ ಪಿಳ್ಳಣ್ಣ ಆಯಿತು. ಪ್ರತಿ ಅಮಾವಾಸ್ಯೆಗೆ ಅವನೇ ಎಲ್ಲರ ಬೆರಳಿಗೆ ಸೂಜಿ ಚುಚ್ಚಿ, ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಮಾತ್ರೆ ಬಿಡಿ ಎಂದು ಮಾತ್ರ ಅವನು ಯಾರಿಗೂ ಹೇಳಿದವನಲ್ಲ. ಅಷ್ಟು ವರ್ಷ ಕಾಲೇಜಿನ ಗಾಳಿ ಕುಡಿದದ್ದಕ್ಕೆ ಅಷ್ಟು ಬುದ್ಧಿ ಇತ್ತು.

ಆ ಬುದ್ಧಿ ಅವನ ಸ್ವಂತ ಮನೆಯಲ್ಲೇ ಕೈಕೊಟ್ಟಿತು. ಅದರ ಕತೆ ಹೀಗೆ.

ಅವನ ತಮ್ಮನ ಮಗಳು ಅಕ್ಷತ. ಬೆಂಗಳೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಾಳೆ, ದಿನಾ ದೊಡ್ಡಪ್ಪ ಹೋಗಿಬರುತ್ತಿದ್ದ ರೈಲಿನಲ್ಲೇ ಹೋಗಿಬರುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾವುದಾದರೂ ಗಿಡ ಬೇಕಿತ್ತು. "ದೊಡ್ಡಪ್ಪ, ನಿಮ್ಮ ಎಲೇನೇ ತಗೋತೀನಿ" ಎಂದಳು. ಪಿಳ್ಳಣ್ಣನಿಗೆ ಆ ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಐದು ಕೆಜಿ ಎಲೆ ಕಿತ್ತು, ತೊಳೆದು, ತನ್ನ ಮದುವೆಯ ಪಂಚೆಯನ್ನೇ ನಡುಮನೆಯಲ್ಲಿ ಹಾಸಿ ನೆರಳಲ್ಲಿ ಒಣಗಿಸಿದ. ಗಂಟೆಗೊಮ್ಮೆ ಮಗುಚಿದ. ಐದು ಕೆಜಿ ಒಣಗಿ ಅರ್ಧ ಕೆಜಿಯೂ ಉಳಿಯಲಿಲ್ಲ.

"ಇಷ್ಟೇನಾ?" ಎಂದ ದಿಗಿಲಿನಿಂದ.

"ಬರೀ ನೀರೇ ಇತ್ತು ದೊಡ್ಡಪ್ಪ," ಎಂದು ಅಕ್ಷತ ನಕ್ಕಳು.

ಆಮೇಲೆ ನೋಟ್‌ಬುಕ್ ತಿರುವುತ್ತಾ, ಕೆಟ್ಟ ಉದ್ದೇಶವಿಲ್ಲದೆ, ಒಂದು ಮಾತು ಆಡಿದಳು. "ಇವರೆಲ್ಲ ಮಾತ್ರೆನೂ ತಗೋತಾರಲ್ವಾ? ಹಂಗಾದ್ರೆ ಶುಗರ್ ಇಳಿದಿದ್ದು ಎಲೆಯಿಂದಾನೋ ಮಾತ್ರೆಯಿಂದಾನೋ, ಹೆಂಗೆ ಹೇಳೋದು?"

ಹುಡುಗಿ ಹೇಳಿ ಮರೆತಳು. ಪಿಳ್ಳಣ್ಣನಿಗೆ ಅದು ಅಂಗಾಲಿಗೆ ಚುಚ್ಚಿದ ಮುಳ್ಳಾಯಿತು. ಇಷ್ಟು ವರ್ಷ ತಾನು ನೀರು ಹಾಕಿದ ಗಿಡದ ಹೆಸರನ್ನು ಯಾವುದೋ ಬಿಳಿ ಗುಳಿಗೆ ಹೊಡೆದುಕೊಂಡು ಹೋಗುವುದೇ? ಬರೀ ಎಲೆ ತಿನ್ನುವ ಒಬ್ಬರು ಬೇಕು, ಒಬ್ಬರೇ ಸಾಕು. ಯಾರನ್ನು ಕೇಳುವುದು? ಊರವರನ್ನು ಕೇಳಲು ಧೈರ್ಯವಾಗಲಿಲ್ಲ. ಧೈರ್ಯ ಎಲ್ಲಿ ನಡೆಯುತ್ತದೋ ಅಲ್ಲಿ ಕೇಳಿದ. ಸಂಕ್ರಾಂತಿಯ ಮಾರನೇ ದಿನ ಮುನಿಗಂಗಮ್ಮನ ಮಾತ್ರೆಗಳನ್ನು ಎತ್ತಿ ಅಟ್ಟದ ಮೇಲಿನ ಹಿತ್ತಾಳೆ ಚೊಂಬಿನಲ್ಲಿ ಹಾಕಿಟ್ಟ.

"ನಾಕು ತಿಂಗಳು ಕಣೇ ಗಂಗಿ. ಅಕ್ಷತನ ಪ್ರಾಜೆಕ್ಟ್ ಮುಗಿಯೋಗಂಟ. ಎಲೆ ಜಾಸ್ತಿ ತಿನ್ನು. ಅವಳಿಗೆ ಹೇಳ್ಬ್ಯಾಡ, ಆಮ್ಯಾಕೆ ನಾನೇ ಹೇಳ್ತೀನಿ."

ಮುನಿಗಂಗಮ್ಮ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಮದುವೆಯ ಹೊಸತರಲ್ಲೂ ಅವಳು ಕಾಣದ ಆಸೆಯಿತ್ತು. "ಆಗ್ಲಿ" ಎಂದಳು. ಬೇಡ ಅನ್ನಬೇಕಿತ್ತು, ಬಾಯಿ ಬರಲಿಲ್ಲ.

ಮೊದಲ ಅಮಾವಾಸ್ಯೆಗೆ ಅವನು ಸೂಜಿ ಹಿಡಿದು ಬಂದಾಗ ಅವಳು, "ನೀವು ಚುಚ್ಚಿದ್ರೆ ನೋವು, ನಾನೇ ಚುಚ್ಕೊಂಡು ಹೇಳ್ತೀನಿ" ಎಂದು ಯಂತ್ರ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಒಳಗಿಂದಲೇ ಕೂಗಿದಳು. "ನೂರ ಐವತ್ತು."

ಪಿಳ್ಳಣ್ಣ ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡ. ಎರಡನೇ ಅಮಾವಾಸ್ಯೆಗೆ ನೂರ ನಲವತ್ನಾಲ್ಕು. ಯುಗಾದಿಗೆ ಮೊದಲಿನ ಅಮಾವಾಸ್ಯೆಗೆ ನೂರ ಮೂವತ್ತೆಂಟು. ಆ ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಎದ್ದು ಎಣ್ಣೆಡಬ್ಬದ ತಗಡು ಕತ್ತರಿಸಿ, ಕಾಲೇಜಿನಲ್ಲಿದ್ದಂಥದ್ದೇ ಒಂದು ಫಲಕ ಮಾಡಿ, ಪೇಂಟಿನಲ್ಲಿ "ತವರು: ಬ್ರೆಜಿಲ್" ಎಂದು ಬರೆದು ಗಿಡದ ಬುಡದಲ್ಲಿ ನೆಟ್ಟ. ವಾರದೊಳಗೆ ಯಾರದೋ ಮೇಕೆ ಬಂದು ಅದನ್ನು ಕೆಡವಿತು. ಅವನು ಎತ್ತಿ ಮತ್ತೆ ನೆಟ್ಟ. ಮಣ್ಣೊಳಗೆ ಮುರಿದು ಉಳಿದ ತಗಡಿನ ಚೂರನ್ನು ನೋಡಲಿಲ್ಲ.

ಏಪ್ರಿಲ್‌ನಲ್ಲಿ ಅಕ್ಷತ ಅವನನ್ನು ತನ್ನ ಲ್ಯಾಬಿಗೆ ಕರೆದುಕೊಂಡು ಹೋದಳು. ಗಾಜಿನ ಕೊಳವೆಗಳ ಒಂದು ಸಾಧನದಲ್ಲಿ ಅವನ ಎಲೆಯ ಪುಡಿ ಇತ್ತು. ಕೆಳಗಿನ ಬುಂಡೆಯಲ್ಲಿ ದ್ರಾವಕ ಕುದಿದು ಆವಿಯಾಗಿ ಮೇಲೇರಿ, ತಣಿದು ಪುಡಿಯ ಮೇಲೆ ತೊಟ್ಟಿಕ್ಕುತ್ತದೆ. ತುಂಬಿದ ಕೂಡಲೇ ಗೊಳಕ್ಕೆಂದು ಅಷ್ಟೂ ಕೆಳಗಿಳಿದು ಮತ್ತೆ ಕುದಿಯತೊಡಗುತ್ತದೆ. ಎಲೆಯೊಳಗೆ ಇರುವುದನ್ನೆಲ್ಲ ಹೀಗೆ ತೊಳೆದು ತೊಳೆದು ಹೊರಗೆ ತರುವುದು. ಪಿಳ್ಳಣ್ಣ ಎವೆಯಿಕ್ಕದೆ ನೋಡಿದ.

"ಇದೂ ನನ್ನಂಗೆ ಕಣಮ್ಮ, ಒಂದು ಕಡೆ ಕೂರಾಕಿಲ್ಲ," ಎಂದ.

ಆಮೇಲೆ ಅವಳು ಬಿಳಿಯ ಲೇಪವಿದ್ದ ಒಂದು ಪುಟ್ಟ ಹಲಗೆ ತೋರಿಸಿದಳು. ಬುಡದಲ್ಲಿ ಎರಡು ಚುಕ್ಕೆ. ಒಂದು ಅವನ ಎಲೆಯ ರಸ. ಇನ್ನೊಂದು ಅಂಗಡಿಯಿಂದ ತರಿಸಿದ, ಶುದ್ಧವಾದ ಒಂದು ಆಮ್ಲ. ಇದೇ ಆಮ್ಲ ಈ ಎಲೆಯಲ್ಲಿದೆ, ಇದೇ ಶುಗರ್ ಇಳಿಸುತ್ತದೆ ಎಂದು ಕೆಲವರು ಬರೆದಿದ್ದಾರಂತೆ. ಹಲಗೆಯ ಅಂಚನ್ನು ದ್ರಾವಕದಲ್ಲಿ ಅದ್ದಿ ನಿಲ್ಲಿಸಿದರೆ, ಒದ್ದೆ ಸೀರೆಯ ಅಂಚಿನಿಂದ ನೀರು ಮೇಲೇರುವಂತೆ ದ್ರಾವಕ ಏರುತ್ತದೆ. ಜೊತೆಗೆ ಚುಕ್ಕೆಯೊಳಗಿನ ಒಂದೊಂದು ವಸ್ತುವೂ ತನ್ನ ಶಕ್ತಿಯಿದ್ದಷ್ಟು ಎತ್ತರಕ್ಕೆ ಏರಿ ನಿಲ್ಲುತ್ತದೆ. ಬಣ್ಣ ಬರಿಸುವ ಔಷಧಿ ಚಿಮುಕಿಸಿ ಬಿಸಿ ಮಾಡಿದಾಗ ಎಲೆಯ ರಸದಿಂದ ಆರೇಳು ಕಲೆಗಳು ಮೂಡಿದವು. ಅದರಲ್ಲೊಂದು, ಬಹಳ ಮಂಕಾದದ್ದು, ಪಕ್ಕದ ಆಮ್ಲದ ಕಲೆಯ ಸಮಕ್ಕೇ ನಿಂತಿತ್ತು.

"ಐತೆ!" ಪಿಳ್ಳಣ್ಣ ಕೂಗಿದ ಕೂಗಿಗೆ ಪಕ್ಕದ ಮೇಜಿನ ಹುಡುಗಿ ಬೆಚ್ಚಿದಳು.

"ಇರೋ ಹಂಗಿದೆ ದೊಡ್ಡಪ್ಪ. ಎಷ್ಟಿದೆ ಅನ್ನೋದೇ ಪ್ರಶ್ನೆ. ನೋಡಿ, ಎಷ್ಟು ಮಂಕಾಗಿದೆ. ಇಲಿಗಳಿಗೆ ಕೊಟ್ಟು ನೋಡಿದಾಗ ಶುಗರ್ ಇಳೀತು ಅಂತ ಬರೆದೋರಿದ್ದಾರೆ. ಅವಕ್ಕೆ ಕೊಟ್ಟ ಲೆಕ್ಕ ಮನುಷ್ಯರಿಗೆ ಹಿಡಿದ್ರೆ ದಿನಕ್ಕೆ ಒಂದೆರಡು ಎಲೆ ಸಾಲಲ್ಲ."

ಅವನಿಗೆ ಕೇಳಿಸಿದ್ದು ಇದೆ ಎಂಬುದಷ್ಟೇ. ರೈಲಿನಲ್ಲಿ ಸೀಟು ಖಾಲಿಯಿದ್ದರೂ ದೊಡ್ಡಬಳ್ಳಾಪುರದವರೆಗೆ ಬಾಗಿಲಲ್ಲೇ ನಿಂತು ಬಂದ.

ಮೇ ತಿಂಗಳ ಒಂದು ಭಾನುವಾರ ಅಕ್ಷತ ಮನೆಗೆ ಬಂದಳು. ವರದಿ ಬರೆಯಲು ನೋಟ್‌ಬುಕ್ಕಿನ ತಾರೀಖುಗಳು ಬೇಕಿತ್ತು. ಪಿಳ್ಳಣ್ಣನಿಗೆ ತಾರೀಖಿನ ಗೊಡವೆ ಇರಲಿಲ್ಲ, ಅವನು ಬರೆದದ್ದೆಲ್ಲ ಮಾಘದ ಅಮಾಸೆ, ಪಾಲ್ಗುಣದ ಅಮಾಸೆ. "ಪರ್ವಾಗಿಲ್ಲ, ಮಿಷನ್ ಕೊಡಿ. ಅದರಲ್ಲೇ ಇರುತ್ತೆ," ಎಂದಳು.

"ಏನಿರ್ತದೆ?"

"ಹಳೇ ರೀಡಿಂಗೆಲ್ಲ. ಮಿಷನ್ನು ನೆನಪಿಟ್ಕೊಂಡಿರುತ್ತೆ ದೊಡ್ಡಪ್ಪ, ತಾರೀಖಿನ ಸಮೇತ."

ನಾಲ್ಕು ವರ್ಷದಿಂದ ದೇವರ ಗೂಡಿನಲ್ಲಿಟ್ಟ ಯಂತ್ರಕ್ಕೆ ಇಂಥದ್ದೊಂದು ವಿದ್ಯೆಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೊಸ್ತಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದ ಮುನಿಗಂಗಮ್ಮನಿಗೂ ಗೊತ್ತಿರಲಿಲ್ಲ. ಅವಳು ಲೋಟವನ್ನು ಅಲ್ಲೇ ನೆಲಕ್ಕಿಟ್ಟಳು.

ಅಕ್ಷತ ಗುಂಡಿ ಒತ್ತುತ್ತಾ ನೋಟ್‌ಬುಕ್ಕಿನ ಜೊತೆ ತಾಳೆ ನೋಡುತ್ತಾ ಹೋದಳು. ಲಕ್ಷ್ಮಯ್ಯ ಸರಿ. ಚಿನ್ನಸ್ವಾಮಿ ಸರಿ. ಒಂಬತ್ತು ಜನರದ್ದೂ ಸರಿ. ಹುಬ್ಬು ಗಂಟಿಕ್ಕಿದಳು.

"ದೊಡ್ಡಮ್ಮಂದು ನೂರ ಮೂವತ್ತೆಂಟು ಅಂತ ಬರ್ದಿದ್ದೀರ. ಮಿಷನ್ನಲ್ಲಿ ಅವತ್ತು ನೂರ ಮೂವತ್ತೆಂಟೇ ಇಲ್ಲ. ಅದರ ಬದಲು ಮುನ್ನೂರ ಅರವತ್ತೆರಡು ಅಂತ ಒಂದಿದೆ. ಹಿಂದಿನ ಅಮಾವಾಸ್ಯೆಗೆ ಮುನ್ನೂರ ಇಪ್ಪತ್ತು. ಮೊನ್ನೆ ನಾನೂರ ಹತ್ತು. ಇದ್ಯಾರದು?"

ಪಿಳ್ಳಣ್ಣ ತಿರುಗಿ ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನೂ ನೆಲ ನೋಡಿದ. ಬೇಸಿಗೆಯ ಉರಿಬಿಸಿಲಿನ ದಿನ ಅವಳ ಬಲಗಾಲಿಗೆ ಒಂದು ಹಳೆಯ ಕಾಲುಚೀಲವಿತ್ತು.

"ಏನದು ಕಾಲಿಗೆ?"

"ಏನಿಲ್ಲ ಬಿಡ್ರೀ. ಯುಗಾದಿ ಆದ್ಮೇಲೆ ಎಲೆ ಕೀಳಾಕೆ ಹೋದಾಗ ಏನೋ ಚುಚ್ತು. ನೋವೇನಿಲ್ಲ. ಅರಿಶಿನ ಕಟ್ಟಿವ್ನಿ."

ಅವನು ಕೂತು ಕಾಲುಚೀಲ ಎಳೆದ. ಅದರ ಕೆಳಗೆ ಅರಿಶಿನದ ಬಟ್ಟೆ, ಬಟ್ಟೆಯ ಕೆಳಗೆ ಹೆಬ್ಬೆರಳೂ ಅದರ ಪಕ್ಕದ ಬೆರಳೂ ಕಪ್ಪಿಟ್ಟಿದ್ದವು. ಬಂದ ವಾಸನೆಗೆ ಅಕ್ಷತ ಸೆರಗಿಲ್ಲದವಳು ಅಂಗೈಯನ್ನೇ ಮೂಗಿಗೆ ಒತ್ತಿಕೊಂಡಳು. ನೋವಿಲ್ಲ ಎಂದದ್ದು ಸುಳ್ಳಲ್ಲ, ಶುಗರ್ ಅವಳ ಪಾದದ ಅರಿವನ್ನೇ ತಿಂದುಹಾಕಿತ್ತು. ಗಿಡದ ಮುಂದೆ ದೇವರ ಮುಂದಿನಂತೆ ಬರಿಗಾಲಲ್ಲಿ ನಿಲ್ಲಬೇಕೆಂದು ನೇಮ ಹಾಕಿದವನು ಅವನು. ಆ ತಗಡು ಕತ್ತರಿಸಿದವನೂ ಅವನೇ.

"ಯಾಕೇ ಹೇಳ್ಲಿಲ್ಲ?" ಎಂದ.

"ಏನಂತ ಹೇಳ್ಲಿ? ಊರಿಗೆಲ್ಲ ವಾಸಿ ಆಗ್ತದೆ, ಪಿಳ್ಳಣ್ಣನ ಮನೇಲೇ ಆಗಲ್ಲ ಅಂತ ಹೇಳ್ಲಾ? ನೀವು ಆ ನಂಬರ್ ಬರ್ಕೊಳ್ಳೋವಾಗ ನಿಮ್ಮ ಮುಖ ನೀವೇ ನೋಡ್ಕೊಂಡಿಲ್ಲ."

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲು ನೋಡಿದರು, ರಕ್ತ ನೋಡಿದರು, ಚೀಟಿಯ ಮೇಲೆ ಪೆನ್ನು ನಿಲ್ಲಿಸಿ ಕೇಳಿದರು. "ಮಾತ್ರೆ ಯಾವಾಗಿಂದ ಬಿಟ್ಟಿದ್ದೀರಮ್ಮ?"

"ನಂಗೇ ಮರ್ತೋಗ್ತಿತ್ತು ಮೇಡಂ," ಎಂದಳು ಮುನಿಗಂಗಮ್ಮ, ಗಂಡನ ಕಡೆ ನೋಡದೆ.

ಪಿಳ್ಳಣ್ಣ ಆಗ ಬಾಗಿಲ ಹತ್ತಿರ ನಿಂತಿದ್ದ. ಓಡಿಹೋಗಬೇಕು ಅನ್ನಿಸಿತ್ತು, ಸುಳ್ಳಲ್ಲ. ಅವಳ ಆ ಮಾತಿನ ಹಿಂದೆ ಅವಿತುಕೊಂಡರೆ ಜನ್ಮವಿಡೀ ಅವಿತುಕೊಂಡೇ ಇರಬೇಕಾಗುತ್ತದೆ ಅನ್ನಿಸಿತು. ಒಳಗೆ ಬಂದ.

"ಸುಳ್ಳು ಮೇಡಂ. ನಾನು ಬಿಡ್ಸಿದ್ದು. ಎಲೆ ಒಂದರಲ್ಲೇ ವಾಸಿ ಆಗ್ತದಾ ಅಂತ ನೋಡಾಕೆ ಸಂಕ್ರಾಂತಿಗೆ ನಾನೇ ಎತ್ತಿಟ್ಟೆ. ಅಟ್ಟದ ಮ್ಯಾಲೆ ಚೊಂಬ್ನಲ್ಲಿ ಅವೆ."

ಅಕ್ಷತ ಅವನನ್ನೇ ನೋಡಿದಳು. ತಾನು ಹೇಳಿ ಮರೆತ ಮಾತು ಅವಳಿಗೆ ಆಗ ನೆನಪಾಯಿತು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸುಮ್ಮನೆ ಬರೆದುಕೊಂಡು, ಎರಡು ಬೆರಳು ತೆಗೆಯಬೇಕು, ಇವತ್ತು ತೆಗೆದರೆ ಪಾದ ಉಳಿಯುತ್ತದೆ ಎಂದರು.

ಆಪರೇಷನ್ ಕೋಣೆಯ ಹೊರಗಿನ ಉದ್ದನೆಯ ಹಾದಿಯಲ್ಲಿ ಅವನು ಈ ತುದಿಯಿಂದ ಆ ತುದಿಗೆ ನಡೆದ. ಜಡಿಗೇನಹಳ್ಳಿಗೆ ಕೊಟ್ಟಿದ್ದ ಮಗಳು ಭಾನುಪ್ರಿಯಾ ಬಂದು ಕೈಹಿಡಿದು ಕೂರಿಸಿದಳು. ಎದ್ದ. ನೀರು ಕೊಟ್ಟಳು. ಲೋಟ ಹಿಡಿದುಕೊಂಡೇ ನಡೆದ. ಬೆಂಚಿನ ಮೇಲೆ ಅಕ್ಷತ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣು ಕೆಂಪಗಾಗಿತ್ತು. ಒಂದು ಹೊತ್ತಿನಲ್ಲಿ ಅವನು ತಾನಾಗಿಯೇ ಅವಳ ಮುಂದೆ ನಿಂತ.

"ಹಂಗಾದ್ರೆ ಎಲ್ಲರ್ಗೂ ಹೆಂಗೆ ಇಳೀತು? ಲಕ್ಷ್ಮಯ್ಯಂಗೆ ಹೆಂಗೆ ಇಳೀತು? ಮಿಷನ್ನೇ ಹೇಳ್ತಲ್ಲ, ಅವರದ್ದೆಲ್ಲ ಸರಿ ಅಂತ."

"ಇಲ್ಲಿ ಕೂತಾಗಿಂದ ನಂಗೂ ಅದೇ ತಲೆ ಕೊರೀತಿದೆ ದೊಡ್ಡಪ್ಪ." ಅವಳು ನೋಟ್‌ಬುಕ್ ತೆರೆದಳು. ಹೆಸರುಗಳ ಪಕ್ಕ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಬರೆದಿದ್ದಳು. "ಎಲ್ಲರಿಗೂ ಇಳಿದಿಲ್ಲ. ಚಿನ್ನಸ್ವಾಮಿ ಅಂಕಲ್ ನಿಮ್ಮ ಕಾಂಪೌಂಡ್ ಹಾರಿ ಬರ್ತಾರೆ, ಮೂರು ವರ್ಷದಿಂದ ಅವರದ್ದು ಹಂಗೇ ಇದೆ. ಒಂದು ಕಿಲೋಮೀಟರ್ ಇಂದ ಬರೋರಿಗೆ ಸ್ವಲ್ಪ ಇಳಿದಿದೆ. ಲಕ್ಷ್ಮಯ್ಯ ಬರೋಕೆ ಮೂರು, ಹೋಗೋಕೆ ಮೂರು, ಅವರಿಗೇ ಎಲ್ಲರಿಗಿಂತ ಜಾಸ್ತಿ. ಫೆಬ್ರವರಿಲಿ ಮೊಣಕಾಲು ನೋವು ಅಂತ ಅಳಿಯನ ಸ್ಕೂಟ್ರಲ್ಲಿ ಬಂದ್ರಲ್ಲ, ಆ ತಿಂಗಳು ಅವರ ಶುಗರ್ ನೋಡಿ."

ಅವನು ನೋಡಿದ. ಇನ್ನೂರ ಎಂಬತ್ತು, ಅವನದೇ ಅಕ್ಷರ. ಆಗ ಅವನು ಅದನ್ನು ಹಲಸಿನ ತಪ್ಪು ಎಂದುಕೊಂಡಿದ್ದ, ಫೆಬ್ರವರಿಯಲ್ಲಿ ಹಲಸು ಹಣ್ಣಾಗುವುದಿಲ್ಲ ಎಂದು ಗೊತ್ತಿದ್ದೂ.

"ಒಂಬತ್ತು ಜನರ ಮೇಲೆ ಗಟ್ಟಿಯಾಗಿ ಹೇಳೋಕಾಗಲ್ಲ. ಆದ್ರೆ ಅವರು ಮಾತ್ರೆನೂ ಬಿಟ್ಟಿಲ್ಲ, ದಿನಾ ನಡೀತಾರೆ. ದೊಡ್ಡಮ್ಮ..."

ದೊಡ್ಡಮ್ಮ ಅಡುಗೆಮನೆಯಿಂದ ಒಗೆಯುವ ಕಲ್ಲಿಗೆ ಹತ್ತು ಹೆಜ್ಜೆ ನಡೆಯುತ್ತಿದ್ದಳು.

"ಅಂದ್ರೆ ನನ್ನ ಗಿಡ ಸುಳ್ಳಾ?"

"ಸುಳ್ಳು ಅನ್ನಲ್ಲ ದೊಡ್ಡಪ್ಪ. ಗೊತ್ತಿಲ್ಲ ಅಂತೀನಿ. ಎಲೆಯೊಳಗೆ ಏನೋ ಇದೆ, ನೀವೇ ನೋಡಿದ್ರಲ್ಲ. ಅದು ಮನುಷ್ಯರ ಮೈಯಲ್ಲಿ ಏನು ಮಾಡುತ್ತೆ, ಎಷ್ಟು ಬೇಕು, ಇನ್ನೂ ಸರಿಯಾಗಿ ಯಾರಿಗೂ ಗೊತ್ತಿಲ್ಲ. ವರದೀಲೂ ನಾನು ಅಷ್ಟೇ ಬರೆಯೋದು."

ಗೊತ್ತಿಲ್ಲ ಎಂಬ ಮಾತಿಗಾಗಿ ಮದುವೆಯ ಪಂಚೆ ಹಾಸಿದ್ದೆ, ಹೆಂಡತಿಯ ಕಾಲು ಒಡ್ಡಿದ್ದೆ ಎಂದು ಪಿಳ್ಳಣ್ಣನಿಗೆ ಅನ್ನಿಸಿತು. ಮತ್ತೆ ನಡೆಯತೊಡಗಿದ.

ಮುನಿಗಂಗಮ್ಮ ಮೂರು ವಾರದ ಮೇಲೆ ಮನೆಗೆ ಬಂದಳು, ಎರಡು ಬೆರಳು ಕಡಿಮೆಯಾಗಿ, ಪಾದ ಉಳಿಸಿಕೊಂಡು. ಅಷ್ಟರಲ್ಲಿ ಪಿಳ್ಳಣ್ಣ ಒಂದು ಕೆಲಸ ಮಾಡಿ ಮುಗಿಸಿದ್ದ. ಹಿತ್ತಲಿನ ಗಿಡವನ್ನೆಲ್ಲ ಬುಡಸಮೇತ ಅಗೆದು, ಗಾಡಿಗೆ ಹಾಕಿಸಿ, ಎರಡು ಕಿಲೋಮೀಟರ್ ಆಚೆ ಕೆರೆಯ ಕೆಳಗಿದ್ದ ತನ್ನ ಅರ್ಧ ಎಕರೆ ಹೊಲದ ಬದುವಿನಲ್ಲಿ ನೆಟ್ಟಿದ್ದ. ಅವಳು ಬಂದ ಮಾರನೇ ಬೆಳಿಗ್ಗೆ ಜನ ಖಾಲಿ ಗುಂಡಿ ನೋಡಿ ಗಾಬರಿಯಾದರು.

"ಮೊನ್ನೆ ರಾತ್ರಿ ನಮ್ಮಜ್ಜ ಕನಸಲ್ಲಿ ಬಂದಿದ್ದ," ಎಂದ ಪಿಳ್ಳಣ್ಣ, ಕಣ್ಣು ಮಿಟುಕಿಸದೆ. "ಗಿಡಕ್ಕೆ ಬಚ್ಚಲ ನೀರು ಮೈಲಿಗೆಯಂತೆ. ಕೆರೆ ಹತ್ರಕ್ಕೆ ಹಾಕ್ಸಿದ. ಗಾಡಿ ಹೊಗೆ ಆಗಾಕಿಲ್ಲವಂತೆ, ಸ್ಕೂಟ್ರು ಬೈಕು ಊರಲ್ಲೇ ಬಿಟ್ಟು ನಡ್ಕೊಂಡು ಬರ್ಬೇಕು. ಚಪ್ಲಿ ಹಾಕ್ಕೊಂಡೇ ಬರ್ಬೇಕು, ಬರಿಗಾಲಿನವರನ್ನ ಹೊಲಕ್ಕೆ ಬಿಡ್ಬ್ಯಾಡ ಅಂದ. ಡಾಕ್ಟ್ರು ಕೊಟ್ಟ ಮಾತ್ರೆ ಬಿಟ್ಟೋರು ಮುಟ್ಟಿದ್ರೆ ಎಲೆ ವಿಷ ಆಗ್ತದಂತೆ. ಮಾತ್ರೆ ಚೀಟಿ ತೋರ್ಸಿ ಎಲೆ ಕಿತ್ಕೊಳ್ಳಿ."

ಸತ್ತು ಐವತ್ತು ವರ್ಷವಾದ ಅಜ್ಜನಿಗೆ ಮಾತ್ರೆ ಚೀಟಿಯ ವಿಷಯ ಹೇಗೆ ಗೊತ್ತು ಎಂದು ಒಬ್ಬರೂ ಕೇಳಲಿಲ್ಲ. ನಡೆಯಿರಿ ಎಂದು ಡಾಕ್ಟರು ವರ್ಷಗಟ್ಟಲೆ ಹೇಳಿದರೂ ಕದಲದ ಚಿನ್ನಸ್ವಾಮಿ ಗೊಣಗುತ್ತಾ ಟವೆಲ್ ಹೆಗಲಿಗೆ ಹಾಕಿಕೊಂಡು ಕೆರೆಯ ದಾರಿ ಹಿಡಿದ.

ಒಳಗೆ ಮಂಚದ ಮೇಲೆ ಮಲಗಿದ್ದ ಮುನಿಗಂಗಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಜನ ಹೋದ ಮೇಲೆ ಗಂಡ ಒಳಗೆ ಬಂದಾಗ ಮೆಲ್ಲಗೆ ಕೇಳಿದಳು.

"ನಿಮ್ಮಜ್ಜ ಕನಸಲ್ಲಿ ಬರೋದಾದ್ರೆ ಸಂಕ್ರಾಂತಿಗೆ ಮುಂಚೇನೇ ಬರ್ಬಾರ್ದಿತ್ತಾ?"

ಅವನು ಗೋಡೆಗೆ ಹಣೆ ಹಚ್ಚಿ ಅತ್ತ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ, ಅಳುವಷ್ಟೂ ಅಳಲಿ ಎಂದು ಬಿಟ್ಟಳು.

ದಿನಾ ಪಾದ ನೋಡಬೇಕು, ಗೀರು ಬಿದ್ದಿದ್ದರೂ ಕೂಡಲೇ ಬರಬೇಕು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಪಿಳ್ಳಣ್ಣ ಅವಳ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಟಾರ್ಚ್ ಬಿಟ್ಟು, ಬೆರಳ ಸಂದಿ, ಹಿಮ್ಮಡಿ, ಅಂಗಾಲು, ಒಂದೊಂದನ್ನೇ ನೋಡುತ್ತಿದ್ದ. ಕಾಲು ಗಂಟೆ ಬೇಕಾಗುತ್ತಿತ್ತು. ಆ ಕಾಲು ಗಂಟೆ ಅವನು ಏಳುತ್ತಿರಲಿಲ್ಲ. ಸೂಜಿಯನ್ನೂ ಅವನೇ ಚುಚ್ಚುತ್ತಿದ್ದ. ಬಂದ ಅಂಕಿಯನ್ನು ಇಬ್ಬರೂ ಒಟ್ಟಿಗೆ ನೋಡುತ್ತಿದ್ದರು.

ಆಯುಧಪೂಜೆ ಕಳೆದ ವಾರ ಡಾಕ್ಟರಮ್ಮ ನಡೆಯಬಹುದು ಎಂದರು. ಮೆತ್ತನೆಯ ಅಟ್ಟೆಯ ಹೊಸ ಚಪ್ಪಲಿ ಹಾಕಿಕೊಂಡು, ಬೆಳಗಿನ ಮಾತ್ರೆ ನುಂಗಿ, ಎರಡು ಇಡ್ಲಿ ತಿಂದು, ಅವಳು ಮೊದಲ ಸಲ ಕೆರೆಯ ಕಡೆ ಹೊರಟಳು. ಬರಿಹೊಟ್ಟೆಯ ನೇಮವನ್ನೂ ಅಜ್ಜ ಅಷ್ಟರೊಳಗೆ ಹಿಂದಕ್ಕೆ ಪಡೆದಿದ್ದ. ಅವಳ ನಿಧಾನದ ನಡಿಗೆ ಪಿಳ್ಳಣ್ಣನ ಕಾಲಿಗೆ ಒಗ್ಗಲಿಲ್ಲ. ಅವನು ಮುಂದೆ ಹೋಗಿ ದಾರಿಯ ಗಾಜು ಮುಳ್ಳು ನೋಡುತ್ತಿದ್ದ, ಹಿಂದೆ ಬಂದು ಅವಳ ಮುಖ ನೋಡುತ್ತಿದ್ದ, ಮತ್ತೆ ಮುಂದೆ ಹೋಗುತ್ತಿದ್ದ. ಅವಳು ಎರಡು ಕಿಲೋಮೀಟರ್ ನಡೆಯುವಷ್ಟರಲ್ಲಿ ಅವನು ಆರು ನಡೆದಿದ್ದ.

ಬದುವಿನ ಮೇಲೆ ಗಿಡ ಮತ್ತೆ ಹಿಡಿದುಕೊಂಡಿತ್ತು, ಹೂವೂ ಬಿಟ್ಟಿತ್ತು. ಲಕ್ಷ್ಮಯ್ಯ, ಚಿನ್ನಸ್ವಾಮಿ, ಇನ್ನೂ ಐದಾರು ಜನ ಸರಿದು ದಾರಿ ಬಿಟ್ಟರು. ಮುನಿಗಂಗಮ್ಮ ಒಂದೇ ಒಂದು ಎಲೆ ಕಿತ್ತು ನಿಧಾನವಾಗಿ ಅಗಿದಳು. ಹುಳಿಗೆ ಮುಖ ಕಿವುಚಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಎರಡು ಹೆಜ್ಜೆ ಹೋದವಳು ಹಿಂದಕ್ಕೆ ತಿರುಗಿದಳು. ಗಿಡಕ್ಕೂ ಗಂಡನಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಿದಳು.

"ನಾಳೆ ಬರ್ತೀನಿ."

ಲಕ್ಷ್ಮಯ್ಯ ಪಿಳ್ಳಣ್ಣನನ್ನು ನೋಡಿದ, ಈಗ ಓಡುತ್ತಾನೆ, ಈಗ ಕೈಹಿಡಿದು ಎಳೆದು ತರುತ್ತಾನೆ ಎಂದು. ಪಿಳ್ಳಣ್ಣ ಬಾಯಿ ತೆರೆದ. ಈ ಕಾಯಿಲೆ ಹೋಗುವಂಥದ್ದಲ್ಲ, ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು, ಬದುಕಿರುವವರೆಗೂ ಬರಬೇಕು. ಅವಳಿಗೆ ಅದು ತನಗಿಂತ ಮೊದಲೇ ಗೊತ್ತಿತ್ತು.

"ಬಾ ಗಂಗಿ," ಎಂದ. "ದಿನಾ ಬಾ."